ಎಂಟೂವರೆ ಕಿಲೋ

ಅಂಗಡಿಗೆ ಬಂದವನು ಕೂಸಿನ ಬದಲು ಒಂದು ಜೋಳದ ಚೀಲ ತಂದಿದ್ದ. ಚಿಕ್ಕೋಡಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಆರು ವರ್ಷದಿಂದ ಮಕ್ಕಳ ಸಾಮಾನು ಮಾರುತ್ತಿದ್ದ ರೂಪಾಲಿ ಇಂಥ ಗಿರಾಕಿಯನ್ನು ಕಂಡಿರಲಿಲ್ಲ. ಅವನು ಸಾಲಾಗಿ ನಿಲ್ಲಿಸಿದ್ದ, ಕೂಸುಗಳನ್ನು ಕೂಡಿಸಿ ತಳ್ಳುವ ಬಾಬಾಗಾಡಿಗಳಲ್ಲಿ ಮೊದಲನೆಯದರ ಸೀಟಿನಲ್ಲಿ ಚೀಲ ಕೂಡಿಸಿ, ಬೀಳದಂತೆ ಮೊಣಕಾಲಿನಿಂದ ಒತ್ತಿಹಿಡಿದು ಪಟ್ಟಿ ಸಿಕ್ಕಿಸಿದ. ಆಮೇಲೆ ಎಡಗೈಯೊಂದರಿಂದಲೇ ತಳ್ಳತೊಡಗಿದ. ಬಲಗೈ ಹೆಗಲ ಮೇಲಿನ ಟವೆಲ್ಲಿನ ಒಳಗೇ ಇತ್ತು.

"ಅಣ್ಣಾರ, ಕೂಸು ಎಲ್ಲೈತ್ರಿ?" ರೂಪಾಲಿಗೆ ಕೇಳದೆ ಇರಲಾಗಲಿಲ್ಲ.

"ಐತ್ರಿ ಅಕ್ಕಾರ, ಹೊರಗ ಅವರವ್ವನ ಕಡೆ ಐತಿ. ಇದು ಅದರ ತೂಕದ ಜ್ವಾಳ. ಅಂಗನವಾಡ್ಯಾಗ ತೂಗಿದ್ರು, ಎಂಟೂವರಿ ಕಿಲೋ. ಮೊದಲ ಜ್ವಾಳ ಕುಂಡ್ರಿಸಿ ನೋಡು, ಆಮ್ಯಾಲ ಕೂಸು ಕೊಡ್ತೇನಿ ಅಂದಾಳ."

ಅವನು ಅಲಖನೂರದ ಕುರಿಗಾರ ಮಾಳಸಿದ್ದ. ಹಿಡಿದಿದ್ದ ಗಾಡಿಗೆ ನಾಲ್ಕು ಗಾಲಿ, ಕೊಡೆಯ ಹಿಡಿಕೆಯಂಥ ಎರಡು ಬೇರೆ ಬೇರೆ ಹಿಡಿ. ಎಡಗಡೆಯದನ್ನಷ್ಟೇ ಹಿಡಿದು ತಳ್ಳಿದ್ದರಿಂದ ಅದು ಬಲಕ್ಕೆ ಹೊರಳಿ ಗೊಂಬೆಗಳ ಕಪಾಟಿಗೆ ಬಡಿಯಿತು. ಎರಡೂ ಕೈಯಿಂದ ಹಿಡಿಯಬಾರದೇ ಎಂದು ಅವಳು ಅನ್ನುವುದರೊಳಗೆ ಅವನೇ ಕೇಳಿದ, "ಒಂದ ಕೈಲೆ ಹೋಗೂವಂಥದು ಇಲ್ಲೇನ್ರಿ?"

ರೂಪಾಲಿ ಮೂಲೆಯಿಂದ ಕೆಂಪು ಬಣ್ಣದ್ದೊಂದನ್ನು ಎಳೆದು ತಂದು, ಚೀಲವನ್ನು ತಾನೇ ಬಿಚ್ಚಿ ಅದರಲ್ಲಿಟ್ಟು ಪಟ್ಟಿ ಹಾಕಿದಳು. ಮುಂದೆ ಒಂಟಿ ಗಾಲಿ, ಹಿಂದೆ ಎರಡು ದೊಡ್ಡ ಗಾಲಿ, ಹಿಡಿಕೆ ಈ ತುದಿಯಿಂದ ಆ ತುದಿಗೆ ಒಂದೇ. ಮಾಳಸಿದ್ದ ಹಿಡಿಕೆಯ ನಟ್ಟನಡುವೆ ಕೈಯಿಟ್ಟು ತಳ್ಳಿದ. ಹೊಸ್ತಿಲು ದಾಟಿಸಿ ಓಣಿಯ ಜಲ್ಲಿಯ ಮೇಲೆ ಒಯ್ದ. ನಿಂತಿದ್ದ ಮೋಟರ್‌ಸೈಕಲ್ಲನ್ನು ಸುತ್ತುಹಾಕಿ ಬಂದ. ಮುಂದಿನ ಗಾಲಿ ಅವನ ಮಣಿಕಟ್ಟು ತಿರುಗಿದತ್ತ ತಿರುಗುತ್ತಿತ್ತು. ಅವನ ಮುಖ ಅರಳಿತು.

ಆದರೆ ಚೀಲ ಬಿಚ್ಚಲು ಬಗ್ಗಿದವನು ಬಗ್ಗಿಯೇ ಉಳಿದ. ಪಟ್ಟಿಯ ಬಕಲ್ಲನ್ನು ಒಂದು ಕೈಯಲ್ಲಿ ಒತ್ತಿ ಇನ್ನೊಂದು ಕೈಯಲ್ಲಿ ಎಳೆಯಬೇಕಿತ್ತು. ಅವನು ಟವೆಲ್ ಸರಿಸಿ ಬಲಗೈ ಹೊರತೆಗೆದ. ಮಣಿಕಟ್ಟಿನ ಮುಂದೆ ಏನೂ ಇರಲಿಲ್ಲ.

"ಮೇವು ಕತ್ತರಿಸೂ ಮಷೀನಿನ್ಯಾಗ ಹೋತ್ರಿ. ಮೂರು ವರ್ಷಾತು."

ರೂಪಾಲಿ ತನ್ನ ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಎಡಗೈಯಿಂದ ಬಕಲ್ ಬಿಚ್ಚಲು ನೋಡಿದಳು. ಉಗುರು ನೋಯಿತೇ ಹೊರತು ಬಿಚ್ಚಲಿಲ್ಲ. ಇಂಥ ಗಾಡಿಗಳನ್ನು ಎಷ್ಟೋ ಮಂದಿಗೆ ಮಾರಿದ್ದಳು. ಇದೊಂದು ಅವಳಿಗೆ ಗೊತ್ತೇ ಇರಲಿಲ್ಲ.

"ಬಿಚ್ಚೂದು, ಕಟ್ಟೂದು ನಿಮ್ಮ ಮನಿಯವರು ಮಾಡ್ತಾರಲ್ರಿ?"

"ಮನ್ಯಾಗ ಮಾಡ್ತಾಳ್ರಿ. ನಡು ಹಾದ್ಯಾಗ ಕೂಸು ಅತ್ತರ? ಎತ್ತಿ ಎದಿಗೆ ಹಚ್ಚಿಕೋಬೇಕಲ್ಲ?" ಅವನು ಚೀಲದ ಮೇಲೆ ಎಡಗೈ ಇಟ್ಟ. "ಒಮ್ಮೆ ಜಾರಿ ನನ್ನ ಕಾಲ ಮ್ಯಾಲ ಬಿತ್ರಿ. ಏನೂ ಆಗಲಿಲ್ಲ. ಆದರ ಅವತ್ತಿಂದ ಆಕಿ, ನಾ ಕುಂತಿದ್ದರ ತೊಡಿ ಮ್ಯಾಲ ಕೊಡ್ತಾಳ. ನಿಂತಿದ್ದರ ಕೊಡಂಗಿಲ್ಲ. ಹುಟ್ಟಿ ಹತ್ತು ತಿಂಗಳಾತು, ನನ್ನ ಮಗಳು ನನ್ನ ಕುರಿ ನೋಡಿಲ್ರಿ."

ರೂಪಾಲಿ ಕಿಟಕಿಯ ಬಳಿ ಹೋದಳು. ಅಲ್ಲಿ ಇನ್ನೊಂದು ಮೂರು ಗಾಲಿಯದಿತ್ತು, ನೀಲಿ ಬಣ್ಣದ್ದು. ಬಿಸಿಲಿಗೆ ನಿಂತು ನಿಂತು ಅದರ ನೆರಳಿನ ಬಟ್ಟೆ ಒಂದು ಕಡೆ ಮಾಸಿತ್ತು, ಆದ್ದರಿಂದ ಅವಳು ಅದನ್ನು ಯಾರಿಗೂ ತೋರಿಸುತ್ತಿರಲಿಲ್ಲ. ಈಗ ಬಗ್ಗಿ, ಎಡಗೈಯ ಹೆಬ್ಬೆರಳಿನಿಂದ ಅದರ ಪಟ್ಟಿಗಳ ನಡುವಿನ ಗುಂಡಿ ಒತ್ತಿದಳು. ಟಕ್ಕೆಂದು ಎಲ್ಲ ಪಟ್ಟಿಗಳೂ ಕಳಚಿಕೊಂಡವು.

"ಕೂಸೇ ಒತ್ತಿಬಿಟ್ಟರ?" ಎಂದು ಮಾಳಸಿದ್ದ ಕೇಳಿದ. ತಾನೂ ಒತ್ತಿ ನೋಡಿದ. ಗುಂಡಿ ಬಿಗಿಯಾಗಿತ್ತು, ದೊಡ್ಡವರ ಹೆಬ್ಬೆರಳಿಗಷ್ಟೇ ಬಗ್ಗುವಂತಿತ್ತು. ರೂಪಾಲಿ ಬಿಚ್ಚಿಕೊಟ್ಟ ಜೋಳದ ಚೀಲವನ್ನು ಅದರಲ್ಲಿ ಕೂಡಿಸಿ ಪಟ್ಟಿ ಹಾಕಿದ, ಬಿಚ್ಚಿದ, ಎಡಗೈ ಸುತ್ತಿ ಎತ್ತಿ ಬಲ ಮುಂಗೈಯ ಆಸರೆ ಕೊಟ್ಟು ಎದೆಗೊತ್ತಿಕೊಂಡ. ಮೂರು ಸಲ ಹಾಗೇ ಮಾಡಿದ. ನಾಲ್ಕನೆಯ ಸಲ ಚೀಲವನ್ನು ನೆಲಕ್ಕಿಳಿಸಿ, "ಇದನ್ನ ಒಯ್ತೇನ್ರಿ" ಎಂದ. ಹೊಸ್ತಿಲಲ್ಲಿ ನಿಂತು ಕೂಗಿದ, "ಮಾಯಾ, ಬಾ."

ಎದುರಿನ ಚಹಾದಂಗಡಿಯ ಬೆಂಚಿನಿಂದ ಅವನ ಹೆಂಡತಿ ಎದ್ದು ಬಂದಳು. ಇಷ್ಟು ಹೊತ್ತು ಅವಳು ಅಲ್ಲಿಂದಲೇ ಎಲ್ಲವನ್ನೂ ನೋಡಿದ್ದಳು. ಸೊಂಟದ ಮೇಲಿದ್ದ ಮಗಳು ಕೋಮಲಳನ್ನು ಇಳಿಸಿ ಗಾಡಿಯಲ್ಲಿ ಕೂಡಿಸಿದಳು, ಪಟ್ಟಿ ಹಾಕಿದಳು, ಎಳೆದು ನೋಡಿದಳು. "ಹಗೂರ ಹೋಗು" ಎಂದಷ್ಟೇ ಹೇಳಿದಳು.

ಗಾಡಿ ಹೊರಟಿತು. ಯಾರು ತಳ್ಳುತ್ತಿದ್ದಾರೆಂದು ಕೋಮಲ ಕತ್ತು ಹೊರಳಿಸಿ ನೋಡಿದಳು. ಅಪ್ಪನ ಮುಖ ಕಂಡು ಮತ್ತೆ ಮುಂದಕ್ಕೆ ತಿರುಗಿ ಎರಡೂ ಕಾಲು ಬಡಿದಳು. ಮಾಯಾ ನಾಲ್ಕು ಹೆಜ್ಜೆ ಹಿಂದೆಯೇ ಓಡಿ, ಅಲ್ಲೇ ನಿಂತಳು. ಅಪ್ಪ, ಮಗಳು ಬಾಳೆಹಣ್ಣಿನ ಗಾಡಿಯ ಪಕ್ಕ ಹಾದು ಓಣಿಯ ತಿರುವಿನಲ್ಲಿ ಮರೆಯಾದರು.

"ಒಳಗ ಬಾ ತಂಗಿ, ಕುಂಡ್ರು" ಎಂದಳು ರೂಪಾಲಿ. ಮಾಯಾಳಿಗೆ ಕೇಳಿಸಲಿಲ್ಲ. ಅವಳು ಕೈಗಳನ್ನು ಎದೆಯ ಮೇಲೆ ಕಟ್ಟಿದಳು, ಬಿಟ್ಟಳು, ಸೊಂಟದ ಮೇಲಿಟ್ಟಳು, ಸೆರಗಿಗೆ ಒರೆಸಿದಳು. ಹತ್ತು ತಿಂಗಳಾದ ಮೇಲೆ ಮೊದಲ ಸಲ ಖಾಲಿಯಾದ ಆ ಎರಡು ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ, ಅವಳು ನಡುಬೀದಿಯಲ್ಲಿ ನಿಂತೇ ಇದ್ದಳು.