ಹೆಸರು ಹೊತ್ತವಳು

ಒನಕೆ ಎತ್ತಿದ ಕೈ ಎತ್ತಿದ ಹಾಗೇ ನಿಂತಿತು. ತಡಿಕೆಯ ಸಂದಿನಲ್ಲಿ ನೀಮಾಳಿಗೆ ಕಂಡದ್ದು, ಪಕ್ಕದ ಮನೆಯ ತೀದಾಳ ಅಂಗಳದೊಳಕ್ಕೆ ನಗುತ್ತಾ ಹೋಗುತ್ತಿದ್ದ ಬ್ರಿಜೆಟ್. ಕೂಗಿ ಕರೆಯೋಣವೆಂದರೆ ಆ ಅಂಗಳದ ಕಡೆಗೆ ಮಾತು ಎಸೆದಂತಾಗುತ್ತದೆ. ಹೋದ ಬೇಸಗೆಯಿಂದ ನೀಮಾ ಅತ್ತ ಒಂದು ಮಾತನ್ನೂ ಎಸೆದವಳಲ್ಲ.

ಬ್ರಿಜೆಟ್ ಅಮೆರಿಕದ ಹುಡುಗಿ. ಕಾಲೇಜಿಗೆ ವಸಂತದ ರಜೆ ಬಿಟ್ಟ ಒಂದು ವಾರ, ಗ್ಯಾಂಬಿಯಾ ನದಿಯ ದಂಡೆಯ ಈ ಊರಿನ ಶಾಲೆಗೆ ಬೆಂಚು ಮಾಡಿಕೊಡಲೆಂದು ಗೆಳೆಯರ ಜೊತೆ ಬಂದಿದ್ದಳು. ಹಲಗೆಯ ಗಾಡಿ ಬಾರದೆ ಇವತ್ತು ಕೆಲಸವಿರಲಿಲ್ಲ. ಬಂದ ದಿನವೇ, ಇಳಿದುಕೊಂಡ ಮನೆಯ ಹಿರಿಯಳಾದ ನೀಮಾ ಊರ ಪದ್ಧತಿಯಂತೆ ತನ್ನ ಹೆಸರನ್ನು ಅವಳಿಗೆ ಕೊಟ್ಟಿದ್ದಳು. ಅಂದಿನಿಂದ ಅವಳೂ ನೀಮಾ ಸಾನ್ಯಾಂಗ್. ಮೊಮ್ಮಕ್ಕಳು ಅವಳನ್ನು ಅಜ್ಜಿ ಎಂದೇ ಕರೆಯುತ್ತಿದ್ದರು. ಒಬ್ಬ ನೀಮಾಳಿಗೆ ಸಲ್ಲುವುದು ಇನ್ನೊಬ್ಬಳಿಗೂ ಸಲ್ಲುತ್ತದೆ. ಒಬ್ಬಳು ಮಾತಾಡಿದರೆ ಇಬ್ಬರೂ ಮಾತಾಡಿದಂತೆ. ಬೆಳಗೆದ್ದು ಒಂದು ಮನೆಯನ್ನೂ ಬಿಡದೆ ಯೋಗಕ್ಷೇಮ ಕೇಳಿಬರಬೇಕೆಂದು ಕಲಿಸಿದವಳೂ ನೀಮಾಳೇ. ‘ಆ ಒಂದು ಮನೆ ಬಿಟ್ಟು’ ಎಂದರೆ ಅರ್ಥವಾಗುವಷ್ಟು ಮಾತು ಹುಡುಗಿಗೆ ಇನ್ನೂ ಬಂದಿರಲಿಲ್ಲ.

ಆ ಮನೆಯ ತೀದಾ ಮತ್ತು ನೀಮಾ ಒಂದೇ ವರ್ಷ ಈ ಊರಿಗೆ ಸೊಸೆಯರಾಗಿ ಬಂದವರು. ಒಬ್ಬರ ಮಗುವಿಗೆ ಇನ್ನೊಬ್ಬರು ಹಾಲು ಕೊಟ್ಟವರು. ಹೋದ ಬೇಸಗೆಯಲ್ಲಿ, ತರಕಾರಿ ತೋಟದ ಬಾವಿಯ ಹತ್ತಿರ, ಎಲ್ಲ ಹೆಂಗಸರ ಎದುರಿಗೆ ತೀದಾ ಅವಳನ್ನು ನೀರುಗಳ್ಳಿ ಎಂದುಬಿಟ್ಟಿದ್ದಳು. ಇನ್ನು ನೀಮಾಳೇ ಮೊದಲು ಹೋಗಿ ಮಾತಾಡಿಸಿದರೆ ಕದ್ದದ್ದನ್ನು ಒಪ್ಪಿಕೊಂಡಂತೆ. ಈಗ ತೀದಾ ಕಾಲು ಊದಿಕೊಂಡು ಹಾಸಿಗೆ ಹಿಡಿದಿದ್ದಳು. ಅವಳು ನರಳುವುದು ತಡಿಕೆಯ ಈಚೆಗೆ ಕೇಳಿಸಿದರೆ ನೀಮಾ ಊಟ ಅರ್ಧಕ್ಕೇ ಬಿಟ್ಟು ಏಳುತ್ತಿದ್ದಳು. ಆದರೂ ಹೋಗಿರಲಿಲ್ಲ.

“ಸಲಾಂ ಅಲೈಕುಂ,” ಹುಡುಗಿಯ ದನಿ ಪಾಠ ಒಪ್ಪಿಸಿದ ಹಾಗೆ ಕೇಳಿಸಿತು. “ಮನೆಯವರೆಲ್ಲ ಇದ್ದಾರಾ?”

“ಇದ್ದಾರೆ ಕಣಮ್ಮಾ. ಯಾರು ನೀನು?” ಎಂದಳು ತೀದಾ.

“ನೀಮಾ ಸಾನ್ಯಾಂಗ್.”

ನೀಮಾ ಒನಕೆಯನ್ನು ಒರಳಿಗೆ ಮೆಲ್ಲನೆ ಒರಗಿಸಿದಳು.

“ಓಹೋ! ಕೊನೆಗೂ ಬಂದೆಯಾ ನೀಮಾ?” ತೀದಾಳ ದನಿ ತಡಿಕೆ ದಾಟುವಷ್ಟು ಏರಿತು. “ಏನೇ ಇದು, ಇಷ್ಟು ಬೆಳ್ಳಗಾಗಿಬಿಟ್ಟಿದೀಯ! ಉದುರಿದ ಹಲ್ಲೂ ಮತ್ತೆ ಹುಟ್ಟಿವೆಯಲ್ಲೇ! ನನ್ನ ಸಹವಾಸ ಬಿಟ್ಟಿದ್ದೇ ನಿನಗೆ ಒಗ್ಗಿದೆ ಬಿಡು.”

“ನೆಮ್ಮದಿ,” ಎಂದಳು ಹುಡುಗಿ, ಯೋಗಕ್ಷೇಮ ಕೇಳಿದವರಿಗೆ ಹೇಳಲು ಕಲಿತಿದ್ದ ಉತ್ತರವನ್ನು.

“ನಿನಗೆ ನೆಮ್ಮದಿ. ನನಗೆಲ್ಲಿ?” ತೀದಾ ಮುಂದುವರಿಸಿದಳು. ದನಿ ತಗ್ಗಿತ್ತು, ಆದರೆ ತಡಿಕೆಗೆ ಕೇಳಿಸದಷ್ಟು ತಗ್ಗಿರಲಿಲ್ಲ. “ಅವತ್ತು ಸರದಿ ತಪ್ಪಿಸಿ ನೀರು ಸೇದಿದ್ದು ನನ್ನ ಸೊಸೆ. ಸಂಜೆಗೇ ಗೊತ್ತಾಯ್ತು. ಬಂದು ಹೇಳೋಣ ಅಂದ್ರೆ ಕಾಲು ಏಳಲಿಲ್ಲ ಕಣೇ. ನಾಳೆ, ನಾಳೆ ಅಂದೆ. ಈಗ ನೋಡು, ನಿಜವಾಗ್ಲೂ ಏಳಲ್ಲ.”

“ನೆಮ್ಮದಿ,” ಹುಡುಗಿ ತನಗೆ ಗೊತ್ತಿದ್ದ ಉತ್ತರವನ್ನೇ ಇನ್ನಷ್ಟು ಮೆತ್ತಗೆ ಹೇಳಿದಳು. “ಬರೀ ನೆಮ್ಮದಿ.”

ತೀದಾ ಮೂಗು ಒರೆಸಿಕೊಂಡದ್ದು ನೀಮಾಳಿಗೆ ಕೇಳಿಸಿತು.

ಸೆರಗಿನಂಥ ತನ್ನ ತೆಳು ಬಟ್ಟೆಯ ತುದಿಯಲ್ಲಿ ತೀದಾ ಕೊಟ್ಟ ಹಿಡಿ ಕಡಲೆಕಾಯಿ ಕಟ್ಟಿಕೊಂಡು ಹುಡುಗಿ ಮರಳಿದಾಗ ಅಂಗಳದಲ್ಲಿ ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಅವಳ ಮುಖ ಬಾಡಿತು. ಇಂಗ್ಲಿಷ್ ಬಲ್ಲ, ನೀಮಾಳ ಸೊಸೆ ಸೀರಾಳ ಹತ್ತಿರ ಹೋಗಿ ಏನೋ ಕೇಳಿದಳು.

“ತಪ್ಪು ಮಾಡಿದೆನಾ ಅಂತಿದಾಳೆ ಪಾಪ,” ಎಂದಳು ಸೀರಾ. “ಅತ್ತೆ, ಹುಡುಗಿ ತಿಳೀದೆ ಹೋದ್ಲು, ಅದು ಲೆಕ್ಕಕ್ಕಿಲ್ಲ ಅಂತ ನಾನೇ ಊರಲ್ಲಿ ಹೇಳಿ ಬರ್ಲಾ?”

“ಲೆಕ್ಕಕ್ಕಿಲ್ಲ ಅನ್ನೋಕೆ ಹೆಸರೇನು ಸಾಲ ಕೊಟ್ಟ ಪಾತ್ರೆಯೇನೇ? ವಾರ ಇರ್ತಾಳೋ ವರ್ಷ ಇರ್ತಾಳೋ, ಕೊಟ್ಟದ್ದು ಕೊಟ್ಟದ್ದೇ. ತಪ್ಪಿಲ್ಲ ಅಂತ ಹೇಳು ಅವಳಿಗೆ. ಮೊದಲು ಏನಾದ್ರೂ ತಿನ್ನೋಕೆ ಕೊಡು.” ನೀಮಾ ತಲೆಯ ಬಟ್ಟೆಯನ್ನು ಬಿಚ್ಚಿ ಕೊಡವಿ, ಮತ್ತೆ ಬಿಗಿಯಾಗಿ ಕಟ್ಟಿಕೊಂಡಳು.

ಅತ್ತೆ ಹೊರಟದ್ದು ಎಲ್ಲಿಗೆಂದು ಸೀರಾಳಿಗೆ ಅರ್ಥವಾಯಿತು. “ಅವರು ತಪ್ಪು ಒಪ್ಪಿಕೊಂಡಿದ್ದು ನಮ್ಮ ಅಂಗಳಕ್ಕೆ ಮಾತ್ರ ಕೇಳ್ಸಿದೆ ಅತ್ತೆ. ನೀವು ಹೋಗೋದು ಊರಿಗೆಲ್ಲ ಕಾಣ್ಸುತ್ತೆ.”

“ಕಾಣ್ಲಿ.”

ಊರ ನಲ್ಲಿಯ ಹತ್ತಿರ ನೀರಿಗೆ ಸೇರಿದ್ದ ಹೆಂಗಸರ ಮಾತು ನಿಂತಿತು. ಯಾರದೋ ಬಿಂದಿಗೆ ತುಂಬಿ ಹೊರಚೆಲ್ಲುತ್ತಿದ್ದರೂ ಯಾರೂ ಅತ್ತ ನೋಡಲಿಲ್ಲ. ನೀಮಾ ಬೀದಿಯ ಕಡೆಯಿಂದಲೇ ಸುತ್ತಿ ಬಂದು, ಎಲ್ಲರ ಕಣ್ಣೆದುರು ಆ ಅಂಗಳವನ್ನು ದಾಟಿ, ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟಳು.

ತೀದಾ ಗೋಡೆಗೆ ಒರಗಿಕೊಂಡೇ ಅವಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

“ಮತ್ತೆ ಬಂದೆಯಾ? ಈಗ ತಾನೇ ಎದ್ದು ಹೋದೆಯಲ್ಲೇ.”

“ನಿನ್ನ ಕಾಲು ನೋಡೋದೇ ಮರೆತುಹೋಗಿತ್ತು,” ಎಂದು ನೀಮಾ ಅವಳ ಪಕ್ಕ ಕುಳಿತು, ಊದಿದ ಪಾದವನ್ನು ಎತ್ತಿ ತನ್ನ ಮಡಿಲಲ್ಲಿ ಇಟ್ಟುಕೊಂಡಳು.