ಕಡ್ಡಾಯದ ಗುರುತು

“ಇದರಲ್ಲಿ ಬರಿ ಎಲ್ಲಿ ಉಂಟು?” ಎಂದು ಮೋಹಿನಿಯಕ್ಕ ಪರದೆಯ ಮೇಲೆ ಬೆರಳಿಟ್ಟಾಗ ಸೌಮ್ಯಶ್ರೀಗೆ ನಗು ಬಂತು. ಕಾಪುವಿನ ಮೀನುಗಾರರ ಸಂಘಕ್ಕೆ ದೋಣಿ, ವಿದ್ಯಾರ್ಥಿವೇತನ, ವಧೂವರ ಎಂದು ಮೂರು ಆ್ಯಪ್‌ಗಳು. ಮೂರಕ್ಕೂ ಸಲ್ಲುವ ‘ಸದಸ್ಯ’ ಎಂಬ ಒಂದೇ ನಮೂನೆಯನ್ನು ಮಣಿಪಾಲದ ಈ ಕಚೇರಿಯಲ್ಲಿ ಕೂತು ರೂಪಿಸಿದವಳು ಅವಳೇ. ಒಂದೇ ಆ್ಯಪ್‌ಗೆ ಬೇಕಾದದ್ದು ಅದರಲ್ಲಿ ಇರಬಾರದೆಂಬುದು ಅವಳ ನಿಯಮ.

“ಅಡ್ಡಹೆಸರು ಉಂಟಲ್ಲ ಅಕ್ಕ.”

“ಈಗಿನವರು ಅಪ್ಪನ ಅಡ್ಡಹೆಸರು ಹಾಕುವುದು ಮಾರಾಯ್ತಿ. ಬರಿ ಅಂದ್ರೆ ಅಮ್ಮನ ಕಡೆಯ ಕುಲ, ಅಮ್ಮನಿಂದ ಮಕ್ಕಳಿಗೆ ಬರುವುದು. ಒಂದೇ ಬರಿಯವರು ಅಣ್ಣ ತಂಗಿ ಅಲ್ವಾ? ಅಂಥ ಜೋಡಿ ಬಂದರೆ ಹೆಸರು ಕೆಂಪಾಗಬೇಕು. ಅವರಿಗೆ ಮದುವೆ ಮಾಡಿಸಿದರೆ ಸಂಘದ ಕಾರ್ಯದರ್ಶಿ ನಾನು ಊರಲ್ಲಿ ಮುಖ ತೋರಿಸುವುದು ಹೇಗೆ?”

ಸೌಮ್ಯಶ್ರೀ ಬರಿಗೊಂದು ಅಂಕಣ ಸೇರಿಸಿ ಕಡ್ಡಾಯವೆಂದು ಗುರುತು ಹಾಕಿ, ಇಬ್ಬರ ಬರಿ ಒಂದೇ ಆದರೆ ಹೆಸರು ಕೆಂಪಾಗುವಂತೆ ಮಾಡಿದಳು. ಪರೀಕ್ಷೆಗೆಂದು ತುಂಬಿದ್ದು ಎರಡೇ ದಾಖಲೆ: ಸೌಮ್ಯಶ್ರೀ ಸಾಲಿಯಾನ್, ಮತ್ತು ಪಕ್ಕದ ಕುರ್ಚಿಯಲ್ಲಿದ್ದ ಸಹೋದ್ಯೋಗಿ ಜಿತೇಂದ್ರ ಕೋಟ್ಯಾನ್. ಬರುವ ಭಾನುವಾರ ಅವನ ಮನೆಯವರು ಅವಳನ್ನು ಕೇಳಲು ಬರುವವರಿದ್ದರು. ತನ್ನ ಬರಿಯ ಎದುರು ಅವಳು ‘ಕರ್ಕೇರ’ ಎಂದು ಬರೆದಳು. ಜಿತೇಂದ್ರ ಅಮ್ಮನಿಗೆ ಫೋನ್ ಮಾಡಿ ಕೇಳಿದ. ಕೀಲಿಮಣೆ ಎಳೆದುಕೊಂಡು ಅವನೂ ‘ಕರ್ಕೇರ’ ಎಂದೇ ಬರೆದ.

ಎರಡೂ ಹೆಸರು ಕೆಂಪಾದವು.

“ಹಾಂ, ಹೀಗೆ ಆಗಬೇಕು,” ಎಂದ ಮೋಹಿನಿಯಕ್ಕ ಕನ್ನಡಕ ಮಡಚಿ ಚಹಾದ ಲೋಟ ಕೈಗೆತ್ತಿಕೊಂಡರು.

ಸೌಮ್ಯಶ್ರೀ ಜಿತೇಂದ್ರನ ಕಡೆ ನೋಡಲಿಲ್ಲ. ಕಡ್ಡಾಯದ ಗುರುತು ತೆಗೆದಳು. ತನ್ನ ಅಮ್ಮನ ಬರಿಯನ್ನು ಅಳಿಸಿ, ಜಾಗವನ್ನು ಖಾಲಿ ಬಿಟ್ಟು, ಮೂರೂ ಆ್ಯಪ್‌ಗಳಿಗೆ ಒಟ್ಟಿಗೇ ಸೇವ್ ಮಾಡಿದಳು.