ಮೂರಕ್ಕೂ ಬಲಗಡೆ ಹೂವು

ಹುಣಸೆಹಣ್ಣಿನ ಬೀಜ ತೆಗೆಯುತ್ತ ಕೂತಿದ್ದ ಅನ್ನಪೂರ್ಣಮ್ಮನ ಮುಂದೆ ಅವರ ಯಜಮಾನರು, ನಿವೃತ್ತ ವಿಜ್ಞಾನದ ಮೇಷ್ಟ್ರು ಮುರುಗೇಶಪ್ಪ, ಲ್ಯಾಪ್‌ಟಾಪ್ ತಂದಿಟ್ಟರು. "ಇಲ್ನೋಡು, ಮೂರು ಅದಾವೆ. ಕಣ್ಮುಚ್ಚಿ ಯಾವುದಾದ್ರೂ ಒಂದನ್ನ ಮುಟ್ಟು."

"ಕೈಯೆಲ್ಲಾ ಅಂಟು. ನಾಳೆ ಅದಕ್ಕೆ ಇರುವೆ ಮುತ್ತಿದ್ರೆ ನನ್ನ ಬೈಬ್ಯಾಡ್ರಿ. ನಿಮ್ಮಕ್ಕಂಗೆ ಕಾಗದ ಬರೆದ್ರಾ?"

"ಅದನ್ನ ಬರೆಯಾಕೇ ಇದು ಬೇಕಾಗಿರೋದು ಕಣೆ!"

ಬಿಳಿಚೋಡಿನಲ್ಲಿರುವ ಅಕ್ಕ ನಿರ್ಮಲಮ್ಮನ ಮಂಡಿ ಸವೆದಿತ್ತು. ಬದಲಾಯಿಸಬೇಕು ಎಂದು ದಾವಣಗೆರೆಯ ಡಾಕ್ಟರು ಹೇಳಿ ವರ್ಷದ ಮೇಲಾಗಿತ್ತು. ಆಕೆಗೆ ಕಿವಿ ಮಂದ, ಫೋನು ಕೇಳಿಸದು. ಸೊಸೆ ಕೇಳಿ ಹೇಳಿದರೆ ನಂಬಿಕೆ ಬಾರದು. "ನೀನು ಓದಿದವನು. ಮಾಡಿಸಲೋ ಬೇಡವೋ, ನಿನ್ನ ಕೈಯಾರೆ ಬರೆದು ಕಳಿಸು. ತವರಿನ ಮಾತು ಬಾರದೆ ನಾನು ಆಪರೇಷನ್ನಿಗೆ ಹೋಗುವವಳಲ್ಲ" ಎಂದು ಆಗಲೇ ಬರೆಸಿ ಕಳಿಸಿದ್ದಳು.

ಮೇಷ್ಟ್ರು ಅಂದೇ ಇಂಟರ್‌ನೆಟ್ಟಿನಲ್ಲಿ ಮಂಡಿಯ ಬಗ್ಗೆ ಓದಲು ಕೂತರು. ಓದಿದ್ದನ್ನು ಒಂದು ಕಡೆ ಕೂಡಿಡಬೇಕಲ್ಲ? ಅದಕ್ಕೆ ಸ್ವಂತದ ವಿಕಿ ಎಂಬುದೊಂದಿದೆ ಎಂದು ಗೊತ್ತಾಯಿತು. ನಮ್ಮ ಕಂಪ್ಯೂಟರಿನಲ್ಲಿ ನಾವೇ ಕಟ್ಟಿಕೊಳ್ಳುವ ಪುಸ್ತಕ. ಒಂದು ಪದ ಒತ್ತಿದರೆ ಅದಕ್ಕೆ ಸಂಬಂಧಪಟ್ಟ ಪುಟ ತಾನೇ ತೆರೆಯುತ್ತದೆ. ಆದರೆ ಅದನ್ನು ಕಟ್ಟಿಕೊಡುವ ಸಾಫ್ಟ್‌ವೇರುಗಳು ಹತ್ತಾರು. ಯಾವುದು ಒಳ್ಳೆಯದೆಂದು ತಿಳಿಯಲು ಮತ್ತಷ್ಟು ಓದಿದರು. ಆ ಓದನ್ನೂ ಕೂಡಿಡಬೇಕಾಯಿತು. ಈಗ ಮಂಡಿಯ ಪುಟಗಳಿಗಿಂತ ವಿಕಿಯ ಪುಟಗಳೇ ಹೆಚ್ಚಾಗಿ, ಇಡಲು ವಿಕಿ ಇಲ್ಲದೆ, ಎರಡೂ ಒಂದೇ ರಾಶಿಯಾಗಿ ಬಿದ್ದಿದ್ದವು. ಸೋಸಿ ಸೋಸಿ ಮೂರು ಸಾಫ್ಟ್‌ವೇರು ಉಳಿದಿದ್ದವು. ಒಂದು, ಎಲ್ಲವನ್ನೂ ಒಂದೇ ಫೈಲಿನಲ್ಲಿ ಮನೆಯಲ್ಲೇ ಇಡುತ್ತದೆ. ಇನ್ನೊಂದು, ಯಾವುದೋ ದೇಶದಲ್ಲಿ ಯಾರದೋ ಕಂಪ್ಯೂಟರಿನಲ್ಲಿಡುತ್ತದೆ. ಮೂರನೆಯದು ಎಲ್ಲಾ ಮಾಡುತ್ತದೆ, ಆದರೆ ಕರೆಯೋ ಎಮ್ಮೆಯ ಹಾಗೆ ದಿನಾ ನೋಡಿಕೊಳ್ಳಬೇಕು.

"ನಿನ್ನೆ ಸೊಸೆ ಫೋನ್ ಮಾಡಿದ್ಲು. ನಿರ್ಮಲಕ್ಕ ಬಚ್ಚಲಿಗೂ ತೆವಳ್ಕೊಂಡು ಹೋಗ್ತೈತಂತೆ," ಎಂದರು ಅನ್ನಪೂರ್ಣಮ್ಮ. "ಅಷ್ಟು ಗೊತ್ತಾಗದಿದ್ರೆ ಹೋಗಿ ಹೂ ಕೇಳ್ರಿ ಅತ್ಲಾಗೆ!"

ಸಿಟ್ಟಿಗೆ ಆಡಿದ ಮಾತು. ಮೇಷ್ಟ್ರ ಮುಖ ಅರಳಿತು. "ಹೌದಲ್ಲ! ಇದು ನನಗೆ ಹೊಳೀಲೇ ಇಲ್ಲ ನೋಡು." ಹೆಂಡತಿಯನ್ನೂ ಎಬ್ಬಿಸಿಕೊಂಡು ಆಗಲೇ ಗುಡಿಗೆ ಹೊರಟರು.

ವೀರಭದ್ರನ ಗುಡಿಯ ಪೂಜಾರಿ ರುದ್ರಮುನಿ ಹೂವಿನ ಎಸಳುಗಳನ್ನು ನೀರಿಗದ್ದಿ ಸ್ವಾಮಿಯ ಎರಡು ಭುಜಕ್ಕೂ ಅಂಟಿಸಿದರು. ಬಲಗಡೆಯ ಎಸಳು ಬಿದ್ದರೆ ಆಗಲಿ ಎಂದು, ಎಡಗಡೆಯದು ಬಿದ್ದರೆ ಬೇಡ ಎಂದು ಲೆಕ್ಕ. ಹೆಣ್ಣು ತರುವುದಕ್ಕೆ, ಬೋರ್ ಕೊರೆಸುವುದಕ್ಕೆ ಅಲ್ಲಿ ಎಲ್ಲರೂ ಕೇಳುವವರೇ.

"ಏನಂತ ಕೇಳ್ಲಿ ಮೇಷ್ಟ್ರೆ?"

"ವಿಕಿ ಅಯ್ನೋರೆ. ಮೊದಲ್ನೇದು ಮನ್ಯಾಗೇ ಇರ್ತೈತೆ. ದುಡ್ಡು ಕೊಡಂಗಿಲ್ಲ, ಪುಕ್ಕಟೆ."

"ಪುಕ್ಕಟೆ ಯಾಕೆ ಕೊಟ್ಟ ಅಂತ ಕೇಳ್ಲೇನು ಮೊದ್ಲು?"

"ಅದು ಬ್ಯಾಡ. ಇಟ್ಕಳ್ಳಾಕೆ ಅಪ್ಪಣೆ ಐತಾ, ಅಷ್ಟು ಕೇಳ್ರಿ."

ರುದ್ರಮುನಿ ಕಣ್ಣು ಮುಚ್ಚಿದರು. ಬಲಗಡೆಯ ಎಸಳು ಟಪಕ್ಕನೆ ಬಿತ್ತು. ಮೇಷ್ಟ್ರು ಕೈಮುಗಿದರು. ಅಷ್ಟಕ್ಕೇ ಬಿಡಲಿಲ್ಲ, ಹೋಲಿಸಿ ನೋಡದೆ ತೀರ್ಮಾನ ಮಾಡಬಾರದೆಂದು ಎರಡನೆಯದನ್ನೂ ಕೇಳಿಸಿದರು. ಬಲಗಡೆ. ಮೂರನೆಯದು. ಅದೂ ಬಲಗಡೆ.

"ಇದೆಂಗ್ರೀ ಅಯ್ನೋರೆ, ಮೂರಕ್ಕೂ ಹೂ ಅಂದ್ರೆ?"

"ಸ್ವಾಮಿಗೆ ಯಾವುದಾದ್ರೂ ನಡೀತೈತೆ ಅಂತ ಕಾಣ್ತದೆ."

ಮೇಷ್ಟ್ರು ಮೊಬೈಲು ತೆಗೆದು ಉದುರಿದ ಎಸಳುಗಳ ಫೋಟೋ ಹಿಡಿಯತೊಡಗಿದರು. ಇದನ್ನೂ ಕೂಡಿಡಬೇಕು, ಮುಂದೆ ಬೇಕಾಗುತ್ತದೆ ಎಂದರು.

ಕಂಬಕ್ಕೆ ಒರಗಿ ನಿಂತಿದ್ದ ಅನ್ನಪೂರ್ಣಮ್ಮ ಮುಂದೆ ಬಂದರು. "ಹೆಂಗೂ ಬಂದೀವಿ. ಅಕ್ಕನ ಮಂಡೀದೂ ಕೇಳಿಬಿಡ್ರಿ. ಎಡವೋ ಬಲವೋ, ಅದನ್ನೇ ಬರೆದು ಹಾಕಣ."

"ಅದನ್ನ ಇಲ್ಲಿ ಕೇಳಂಗಿಲ್ಲ," ಮೇಷ್ಟ್ರು ತಟ್ಟನೆ ಅಂದರು. "ಅಕ್ಕ ದೇವರನ್ನ ಕೇಳ್ಲಿಲ್ಲ. ನನ್ನ ಕೇಳಿದ್ಲು."

"ಹಂಗಾದ್ರೆ ಆಕೆ ವರ್ಷದಿಂದ ನಿಮ್ಮ ಭುಜಕ್ಕೆ ಹೂ ಅಂಟಿಸಿ ಕಾಯ್ತಾ ಕೂತೈತೆ. ನೀವು ನೋಡಿದ್ರೆ ಎಡಕ್ಕೂ ಬೀಳಿಸ್ತಿಲ್ಲ, ಬಲಕ್ಕೂ ಬೀಳಿಸ್ತಿಲ್ಲ. ಈ ಕಲ್ಲಿನ ಸ್ವಾಮೀನೇ ವಾಸಿ, ನಿಂತ ನಿಲುವಿನಾಗೆ ಮೂರು ಸಲ ಹೇಳ್ತು."

ರುದ್ರಮುನಿ ಆರತಿ ತಟ್ಟೆಯನ್ನು ಒರೆಸತೊಡಗಿದರು. ಮೇಷ್ಟ್ರು ಮೊಬೈಲನ್ನು ಜೇಬಿಗಿಟ್ಟು ಮೆಟ್ಟಿಲ ಮೇಲೆ ಕೂತರು. ಸಣ್ಣ ದನಿಯಲ್ಲಿ ಹೇಳಿದರು, "ಮಾಡಿಸ್ಕೋ ಅಂತ ನಾನೇ ಬರೆದು, ಅಲ್ಲಿ ಏನಾದ್ರೂ ಹೆಚ್ಚುಕಮ್ಮಿ ಆದ್ರೆ?"

"ನೀವೂ ಹೋಗಿ ಪಕ್ಕದಾಗೆ ಕೂತ್ಕಳ್ರಿ. ಅಷ್ಟು ಓದೀರಿ, ಡಾಕ್ಟರಿಗೆ ತಲೆನೋವಾದ್ರೂ ಆಗ್ತೈತೆ."

ಪೋಸ್ಟಾಫೀಸಿನಲ್ಲಿ ಕಾರ್ಡು ತೆಗೆದುಕೊಂಡು, ಅಲ್ಲೇ ಕಟ್ಟೆಯ ಮೇಲೆ ಮೇಷ್ಟ್ರು ಬರೆದರು: "ಅಕ್ಕನಿಗೆ ನಮಸ್ಕಾರ. ಮಾಡಿಸಿಕೋ. ಪಕ್ಕದಲ್ಲಿ ನಾನಿರುತ್ತೇನೆ." ಉಳಿದ ಜಾಗ ಖಾಲಿ ಕಂಡು ಮತ್ತೇನೋ ಸೇರಿಸಲು ಹೊರಟರು. ಅನ್ನಪೂರ್ಣಮ್ಮ ಹುಣಸೆಯ ಅಂಟು ಇನ್ನೂ ಬಿಡದ ಕೈಯಿಂದ ಪೆನ್ನನ್ನು ಕಿತ್ತುಕೊಂಡರು.

ಕಾರ್ಡು ಕೆಂಪು ಡಬ್ಬಿಯೊಳಗೆ ಬಿತ್ತು. ಹೊರಡುವ ಬದಲು ಮೇಷ್ಟ್ರು ಸೊಂಟ ಬಗ್ಗಿಸಿ, ಡಬ್ಬಿಯ ಬಾಯಿಗೆ ಕಣ್ಣು ಹಚ್ಚಿ, ಅದು ಎಡಕ್ಕೆ ಬಿತ್ತೋ ಬಲಕ್ಕೆ ಬಿತ್ತೋ ಎಂದು ನೋಡುತ್ತ ನಿಂತರು.